ಮನೆಯ ವೈರಿಂಗ್‌ಗೆ ಯಾರ ಮಾತು ಕೇಳಬೇಕು: ಪರಿಚಿತರ ಸಲಹೆಯೋ, ಅಚ್ಚಾದ ನಿಯಮವೋ, ಪರವಾನಗಿ ಪಡೆದ ಗುತ್ತಿಗೆದಾರರೋ?

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಯ ಪಾಠ ಹೇಳುತ್ತಿದ್ದೆನೆಂಬ ಕಾರಣಕ್ಕೆ, ಮುಂಗಾರು ಹಿಡಿಯುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬರುವವರು ಹೆಚ್ಚುತ್ತಾರೆ. ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆಗೆ ಇರುವವರು, ಅಗ್ರಹಾರದಲ್ಲಿ ಅಜ್ಜನ ಕಾಲದ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸುತ್ತಿರುವವರು, ಮಂಡ್ಯದ ಹೊರವಲಯದಲ್ಲಿ ಹೊಸ ಮನೆಗೆ ತಳಪಾಯ ಹಾಕಿಸಿದವರು ಹೀಗೆ ಬೇರೆ ಬೇರೆ ಜನ ಬಂದರೂ ಪ್ರಶ್ನೆ ಮಾತ್ರ ಒಂದೇ ಆಗಿರುತ್ತದೆ. ಪಕ್ಕದ ಮನೆಯವರು ಒಂದು ಹೇಳಿದ್ದಾರೆ, ಪುಸ್ತಕದಲ್ಲಿ ಇನ್ನೊಂದಿದೆ, ಕೆಲಸಕ್ಕೆ ಬಂದವರು ಮೂರನೆಯದನ್ನು ಹೇಳುತ್ತಿದ್ದಾರೆ; ಇವುಗಳಲ್ಲಿ ಯಾವುದನ್ನು ನಂಬುವುದು? ಈ ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಯಾವ ಕೆಲಸಕ್ಕೆ ಯಾವುದು ಎಂದು ಗೊತ್ತುಮಾಡಿಕೊಂಡರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ತೂಗಿ ನೋಡುವ ಪ್ರಶ್ನೆಗಳು

ಯಾವ ಸಲಹೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು, ಅದನ್ನು ಕೊಟ್ಟವರು ನಿಮ್ಮ ಮನೆಯ ವೈರನ್ನು ಕಣ್ಣಾರೆ ನೋಡಿದ್ದಾರೆಯೇ ಎಂಬುದು. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ; ಮೈಸೂರು ನಗರಕ್ಕೆ ಬಂದದ್ದು 1908ರಲ್ಲಿ. ಅಂದಿನಿಂದ ಮರದ ಪಟ್ಟಿಯೊಳಗೆ ಎಳೆದ ವೈರು, ಅದಾದ ಮೇಲೆ ಗೋಡೆಯ ಮೇಲಿನ ರೀಪಿಗೆ ಕ್ಲಿಪ್ ಹೊಡೆದು ಕೂರಿಸಿದ ವೈರು, ಆಮೇಲೆ ಗೋಡೆಯೊಳಗಿನ ಪಿವಿಸಿ ಪೈಪು ಹೀಗೆ ಪದರದ ಮೇಲೆ ಪದರ ಸೇರುತ್ತ ಬಂದಿದೆ. ಒಂದೇ ಮನೆಯಲ್ಲಿ ಈ ಮೂರನ್ನೂ ನಾನು ನೋಡಿದ್ದೇನೆ. ಅಂಥ ಮನೆಗೆ, ಅದನ್ನು ನೋಡದವರ ಮಾತು ಎಷ್ಟೇ ಸರಿಯಾಗಿದ್ದರೂ ಅರ್ಧ ಮಾತ್ರ ಸರಿ.

ಎರಡನೆಯದು, ಆ ಸಲಹೆ ನಮ್ಮ 230 ವೋಲ್ಟ್, 50 ಹರ್ಟ್ಸ್ ವ್ಯವಸ್ಥೆಗೆ ಹೇಳಿದ್ದೇ ಅಥವಾ ಬೇರೆ ದೇಶದ್ದೇ ಎಂಬುದು. ಮೂರನೆಯದು, ತಪ್ಪಾದರೆ ಅದಕ್ಕೆ ಹೊಣೆ ಯಾರು ಎಂಬುದು. ನಾಲ್ಕನೆಯದು ಖರ್ಚು.

ಐದನೆಯದನ್ನು ನಾನು ಉಳಿದೆಲ್ಲಕ್ಕಿಂತ ಮೇಲಿಡುತ್ತೇನೆ: ಈ ಸಲಹೆಯಂತೆ ನಡೆದು ತಪ್ಪಾದರೆ ಆ ತಪ್ಪು ಯಾವಾಗ ಗೊತ್ತಾಗುತ್ತದೆ? ಫ್ಯಾನಿನ ರೆಗ್ಯುಲೇಟರ್ ಬದಲಿಸಿದ್ದು ತಪ್ಪಾದರೆ ಫ್ಯಾನು ತಿರುಗುವುದಿಲ್ಲ, ಆಗಲೇ ತಿಳಿಯುತ್ತದೆ. ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ತಂತಿಯನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿದ್ದರೆ ಎಲ್ಲ ದೀಪಗಳೂ ಉರಿಯುತ್ತವೆ, ಫ್ರಿಜ್ ತಣ್ಣಗಿರುತ್ತದೆ, ಮೂರು ವರ್ಷ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದೀಪ ಉರಿಯಿತೆಂಬುದು ಕೆಲಸ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋಲಿಕೆಗೆ ಮುಂಚೆ ಕಾನೂನು ಎಳೆದಿರುವ ಗೆರೆಯನ್ನು ತಿಳಿದಿರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ನಿಯಮಗಳ ಪ್ರಕಾರ, ವೈರಿಂಗ್‌ನ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಿಸದಂತೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವುದಕ್ಕೆ ಅಡ್ಡಿಯಿಲ್ಲ. ಅದನ್ನು ಮೀರಿದ ಹೊಸ ಲೈನು, ಹೆಚ್ಚುವರಿ ಪಾಯಿಂಟು, ಮಾರ್ಪಾಡು, ದುರಸ್ತಿ ಎಲ್ಲವನ್ನೂ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪ್ರಮಾಣಪತ್ರ ಇರುವವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವ ಕೆಲಸಗಾರರೇ ಮಾಡಬೇಕು. ಆದ್ದರಿಂದ ಮುಂದೆ ಹೇಳುವ ಮೊದಲ ಎರಡು ದಾರಿಗಳು ಗೆರೆಯ ಆಚೆಗಿನ ಕೆಲಸದಲ್ಲಿ ತಿಳಿದುಕೊಳ್ಳುವುದಕ್ಕೆ ಮಾತ್ರ.

ಪರಿಚಿತರ ಬಾಯಿಮಾತು

ನೆರೆಯವರು, ಸಹೋದ್ಯೋಗಿಗಳು, ಶಿವರಾಂಪೇಟೆಯ ಅಂಗಡಿಯವರು, ಫೋನಿನಲ್ಲಿ ನೋಡಿದ ವಿಡಿಯೋ, ಇವೆಲ್ಲವನ್ನೂ ನಾನು ಒಂದೇ ಗುಂಪಿಗೆ ಸೇರಿಸುತ್ತೇನೆ. ಇದಕ್ಕೆ ಖರ್ಚಿಲ್ಲ, ಬೇಕೆಂದಾಗ ಸಿಗುತ್ತದೆ, ಕನ್ನಡದಲ್ಲೇ ಸಿಗುತ್ತದೆ. ಯಾವ ಕೆಲಸಗಾರರು ಹೇಳಿದ ದಿನ ಬರುತ್ತಾರೆ, ಯಾವ ಸ್ವಿಚ್ಚು ಎರಡು ವರ್ಷಕ್ಕೇ ಸಡಿಲವಾಯಿತು, ನಿಮ್ಮ ಬೀದಿಯಲ್ಲಿ ಸಂಜೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಇಂಥ ವಿಷಯಗಳಲ್ಲಿ ನೆರೆಯವರ ಅನುಭವವೇ ದೊಡ್ಡದು. ಆದರೆ ಅಳತೆ, ಸಾಮರ್ಥ್ಯ, ಅರ್ಥಿಂಗ್ ಈ ಮೂರರಲ್ಲಿ ಬಾಯಿಮಾತು ಅಪಾಯಕಾರಿ. ನಾನು ಅತಿ ಹೆಚ್ಚು ಕೇಳಿದ ಎರಡು ಸಲಹೆಗಳನ್ನು ಇಲ್ಲಿ ಬಿಡಿಸಿ ಹೇಳಬೇಕು.

"ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡದನ್ನು ಹಾಕಿಸಿ" ಎಂಬುದು ಮೊದಲನೆಯದು. ಎಂಸಿಬಿ, ಅಂದರೆ ಮಿತಿ ಮೀರಿ ವಿದ್ಯುತ್ ಹರಿದರೆ ತಾನೇ ಬಿದ್ದು ಲೈನನ್ನು ಕಡಿಯುವ ಸ್ವಿಚ್ಚು, ಇರುವುದು ಮುಖ್ಯವಾಗಿ ವೈರನ್ನು ಕಾಯುವುದಕ್ಕೆ. ಮಾನಕದ ಪ್ರಕಾರ ಎಂಸಿಬಿ ತನ್ನ ಮೇಲೆ ಬರೆದ ಆಂಪಿಯರ್‌ನ 1.13 ಪಟ್ಟು ಹರಿದರೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 16ರ ಜಾಗದಲ್ಲಿ 32 ಆಂಪಿಯರ್‌ನದನ್ನು ಕೂರಿಸಿದರೆ, ಸುಮಾರು 36 ಆಂಪಿಯರ್ ದಿನವಿಡೀ ಹರಿದರೂ ಅದು ಸುಮ್ಮನಿರುತ್ತದೆ. 46 ಆಂಪಿಯರ್ ಅನ್ನು ಹೆಚ್ಚುಕಡಿಮೆ ಒಂದು ಗಂಟೆ ಬಿಟ್ಟುಕೊಡಬಹುದು. ಗೋಡೆಯೊಳಗಿನ ಪೈಪಿನಲ್ಲಿ ಇರುವ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಅದನ್ನು ಹೊರುವ ಶಕ್ತಿಯಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾಡಿದ್ದು. ಅದನ್ನು ಮೀರಿದ ಮೇಲೆ ಹೊದಿಕೆ ಬಿರುಸಾಗಿ, ಬಿರುಕು ಬಿಟ್ಟು, ಗೋಡೆಯೊಳಗೇ ಸುಡುತ್ತ ಹೋಗುತ್ತದೆ. ಸಲಹೆ ಕೊಟ್ಟವರಿಗೆ ಅದು ಫಲಿಸಿದಂತೆಯೇ ಕಂಡಿರುತ್ತದೆ, ಏಕೆಂದರೆ ಎಂಸಿಬಿ ಮತ್ತೆ ಬೀಳಲಿಲ್ಲ.

ಎರಡನೆಯದು ಇದಕ್ಕಿಂತ ಕ್ರೂರವಾದದ್ದು: "ಹಳೇ ಮನೆಗೆ ಅರ್ಥಿಂಗ್ ಇಲ್ಲದಿದ್ದರೆ ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಎರಡಕ್ಕೂ ಒಂದು ತುಂಡು ವೈರು ಕೊಡಿ." ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಯಾರೋ ಹೀಗೆ ಮಾಡಿಕೊಟ್ಟಿದ್ದರು, ಎರಡು ವರ್ಷ ಏನೂ ಆಗಲಿಲ್ಲ. ಏಪ್ರಿಲ್ ತಿಂಗಳ ಒಂದು ಸಂಜೆ ಗಾಳಿಮಳೆಗೆ ಮರದ ಕೊಂಬೆ ಬಿದ್ದು, ಮನೆಗೆ ಬರುವ ಸರ್ವಿಸ್ ವೈರಿನಲ್ಲಿ ನ್ಯೂಟ್ರಲ್, ಅಂದರೆ ವಿದ್ಯುತ್ತು ಮರಳಿ ಹೋಗುವ ತಂತಿ, ಮಾತ್ರ ಕಡಿದುಹೋಯಿತು. ಆಗ ಏನಾಗುತ್ತದೆಂದರೆ, ವಿದ್ಯುತ್ತನ್ನು ಒಳಗೆ ತರುವ ಫೇಸ್ ತಂತಿಯಿಂದ ಬಂದದ್ದು ಸ್ವಿಚ್ಚು ಹಾಕಿರುವ ದೀಪದ ಮೂಲಕ ಹಾದು ಮನೆಯೊಳಗಿನ ನ್ಯೂಟ್ರಲ್ ತಂತಿಗೆ ಬಂದು ನಿಲ್ಲುತ್ತದೆ. ಮರಳುವ ದಾರಿ ಇಲ್ಲದ್ದರಿಂದ ಆ ತಂತಿ ಪೂರ್ತಿ ಶಾಕ್ ಹೊಡೆಯುವ ಸ್ಥಿತಿಯಲ್ಲಿರುತ್ತದೆ. ಆ ತುಂಡು ವೈರಿನ ದಾರಿಯಾಗಿ ಯಂತ್ರದ ತಗಡಿನ ಮೈಗೂ ಅದೇ ಬರುತ್ತದೆ. ದೀಪಗಳು ಆರಿರುವುದರಿಂದ ಮನೆಯವರೆಲ್ಲ ಕರೆಂಟು ಹೋಗಿದೆ ಎಂದೇ ತಿಳಿದಿರುತ್ತಾರೆ. ಕತ್ತಲೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ಯಂತ್ರವನ್ನು ಮುಟ್ಟಿದ ಹುಡುಗಿ ದೂರಕ್ಕೆ ಬಿದ್ದು ಬದುಕಿಕೊಂಡಳು. ಅವಳು ಅದನ್ನು ಹಿಡಿದುಕೊಂಡಿದ್ದರೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಈ ಜೋಡಣೆ ಇನ್ನೊಂದು ಕೇಡನ್ನೂ ಮಾಡುತ್ತದೆ. ಮುಂದೊಮ್ಮೆ ಆ ಮನೆಗೆ ನಿಜವಾದ ಅರ್ಥಿಂಗ್ ಗುಂಡಿ ಮಾಡಿಸಿ, ಆರ್‌ಸಿಸಿಬಿ ಕೂರಿಸಿದರೆ ಅದು ಮತ್ತೆ ಮತ್ತೆ ಬೀಳುತ್ತದೆ. ಫೇಸಿನಲ್ಲಿ ಹೋದ ವಿದ್ಯುತ್ತೆಲ್ಲ ನ್ಯೂಟ್ರಲ್‌ನಲ್ಲೇ ಮರಳಿತೇ ಎಂದು ನೋಡುವುದೇ ಆರ್‌ಸಿಸಿಬಿಯ ಕೆಲಸ. ಆ ತುಂಡು ವೈರಿನಿಂದಾಗಿ ಒಂದು ಪಾಲು ಅರ್ಥ್ ತಂತಿಯಲ್ಲಿ ಹೋಗುತ್ತಿರುತ್ತದೆ. ಆಗ ಮತ್ತೊಂದು ಬಾಯಿಮಾತು ಬರುತ್ತದೆ, "ಆರ್‌ಸಿಸಿಬಿ ನಮ್ಮ ಮನೆಗೆ ಆಗಿಬರುವುದಿಲ್ಲ, ತೆಗೆಸಿಬಿಡಿ" ಎಂದು. ಹೀಗೆ ತಪ್ಪನ್ನು ತೋರಿಸಿಕೊಟ್ಟ ಉಪಕರಣವೇ ಮನೆಯಿಂದ ಹೊರಗೆ ಹೋಗುತ್ತದೆ.

ದೀಪಗಳು ಒಮ್ಮೆಲೇ ಮಂಕಾಗಿ ಒಮ್ಮೆಲೇ ಅತಿ ಪ್ರಖರವಾಗುತ್ತಿದ್ದರೆ ನ್ಯೂಟ್ರಲ್ ಸಡಿಲವಾಗಿರುವ ಶಂಕೆ ಬಲವಾಗಿರುತ್ತದೆ. ಆಗ ಯಾರನ್ನೂ ಕೇಳುತ್ತ ಕೂರದೆ ಮೈನ್ ಆಫ್ ಮಾಡಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಂಖ್ಯೆಗೆ ಕರೆ ಮಾಡಬೇಕು.

ಅಚ್ಚಾದ ನಿಯಮ ಮತ್ತು ಕೈಪಿಡಿ

ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043, ಇವೆಲ್ಲವನ್ನೂ ಒಂದೆಡೆ ತರುವ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಇವು ಭಾರತೀಯ ಮಾನಕ ಬ್ಯೂರೋದ ಪ್ರಕಟಣೆಗಳು. ಭಾರತೀಯ ಮಾನಕಗಳನ್ನು ಬ್ಯೂರೋದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದಾದ್ದರಿಂದ ಖರ್ಚಿನ ಮಾತು ಇಲ್ಲ. ಒಬ್ಬರ ಅನುಭವಕ್ಕಿಂತ ಇವು ಮೇಲು. ಏಕೆಂದರೆ ಇವುಗಳಲ್ಲಿರುವ ಪ್ರತಿ ಅಂಕಿಯ ಹಿಂದೆ ಲೆಕ್ಕವಿದೆ, ಬೇರೆಯವರು ಅದನ್ನು ಪರಿಶೀಲಿಸಬಹುದು. ದೀಪ, ಫ್ಯಾನು ಮತ್ತು 6 ಆಂಪಿಯರ್ ಸಾಕೆಟ್ಟುಗಳು ಸೇರಿದ ಒಂದು ಸರ್ಕ್ಯೂಟಿಗೆ 10 ಪಾಯಿಂಟು, 800 ವ್ಯಾಟ್ ಮೀರಬಾರದು. ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳ ಪವರ್ ಸರ್ಕ್ಯೂಟಿಗೆ ಎರಡಕ್ಕಿಂತ ಹೆಚ್ಚು ಸಾಕೆಟ್ಟು ಬೇಡ ಎಂಬ ಮಿತಿಗಳನ್ನು ನಾವು ಬಹುಕಾಲದಿಂದ ಕಲಿಸುತ್ತ ಬಂದಿದ್ದೇವೆ. ನಿಮ್ಮ ಅಡುಗೆಮನೆಯ ಮಿಕ್ಸಿ, ಓವನ್, ಫಿಲ್ಟರ್, ಫ್ರಿಜ್ ಎಲ್ಲವೂ ಒಂದೇ ಲೈನಿನಲ್ಲಿವೆಯೇ ಎಂದು ಈ ಒಂದು ಮಿತಿಯನ್ನು ಹಿಡಿದು ನೀವೇ ಎಣಿಸಿ ನೋಡಬಹುದು.

ಕೊರತೆಗಳೂ ಇವೆ. ಇವು ಇಂಗ್ಲಿಷಿನಲ್ಲಿವೆ, ಎಂಜಿನಿಯರುಗಳಿಗೆಂದು ಬರೆದವು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಮನೆಯನ್ನು ನೋಡಿಲ್ಲ. ಅರ್ಥಿಂಗ್‌ನ ಅಧ್ಯಾಯ ಮಣ್ಣಿನ ತೇವದ ಮಾತಾಡುತ್ತದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆ ಬಯಲಿನ ಮನೆಗೂ ಚಾಮುಂಡಿ ಬೆಟ್ಟದ ತಪ್ಪಲಿನ ಕಲ್ಲುನೆಲದ ಮನೆಗೂ ಇರುವ ವ್ಯತ್ಯಾಸವನ್ನು ಅಲ್ಲಿಯೇ ಅಳೆದು ನೋಡಬೇಕು.

ಹಳೆಯ ಪುಸ್ತಕಗಳ ವಿಷಯದಲ್ಲಿ ಎಚ್ಚರ ಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳನ್ನೇ ಜಾರಿಯಲ್ಲಿರುವವು ಎಂದು ಹೇಳುವ ಪುಸ್ತಕ ಕೈಗೆ ಸಿಕ್ಕರೆ, ಅದರ ವಿದ್ಯುತ್ ತತ್ತ್ವಗಳು ಇಂದಿಗೂ ನಿಜ, ಆದರೆ ನಿಯಮದ ಭಾಗ ಬದಲಾಗಿದೆ. ಹಳೆಯ ಕೈಪಿಡಿಗಳಲ್ಲಿ ಇನ್ವರ್ಟರ್‌ನ ಹೆಸರೂ ಇರುವುದಿಲ್ಲ. "ಮೈನ್ ಆಫ್ ಮಾಡಿ ಕೆಲಸ ಆರಂಭಿಸಿ" ಎಂಬ ಅವುಗಳ ಮಾತನ್ನು ಇಂದಿನ ಮೈಸೂರಿನ ಮನೆಯಲ್ಲಿ ಹಾಗೆಯೇ ಪಾಲಿಸಿದರೆ ಸಾಲದು. ಮೈನ್ ತೆಗೆದ ಕ್ಷಣದಲ್ಲೇ ಇನ್ವರ್ಟರ್ ತನ್ನ ಲೈನಿಗೆ ವಿದ್ಯುತ್ ಕೊಡಲು ತೊಡಗುತ್ತದೆ. ಅದನ್ನೂ ಆಫ್ ಮಾಡಿ, ಬಲ್ಬು ಬದಲಿಸುವಾಗಲೂ ಟೆಸ್ಟರ್ ಇಟ್ಟು ನೋಡಿ.

ಬೇರೆ ದೇಶದ ಕೈಪಿಡಿಗಳು ಅಚ್ಚು ಎಷ್ಟೇ ಚೆನ್ನಾಗಿದ್ದರೂ ವೈರಿನ ಬಣ್ಣದ ವಿಷಯದಲ್ಲಿ ಜೀವಕ್ಕೆ ಎರವಾಗಬಲ್ಲವು. ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಅಮೆರಿಕದಲ್ಲಿ ಕಪ್ಪು ವೈರೇ ಫೇಸು, ಬಿಳಿಯದು ನ್ಯೂಟ್ರಲ್. ಮೇಲಾಗಿ ಅಲ್ಲಿ ಸಾಮಾನ್ಯ ಸಾಕೆಟ್ಟಿಗೆ 120 ವೋಲ್ಟ್. ಯುರೋಪಿನಲ್ಲಿ ನೀಲಿಯೇ ನ್ಯೂಟ್ರಲ್. ಹಳೆಯ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣವನ್ನು ಎಳೆದಿರುವುದೂ ಉಂಟಾದ್ದರಿಂದ, ನಮ್ಮದೇ ಪುಸ್ತಕವಾದರೂ ಬಣ್ಣವೊಂದನ್ನೇ ನಂಬಬಾರದು.

ಅಚ್ಚಾದ ಮಾರ್ಗದರ್ಶಿಗಳಲ್ಲಿ ಜನ ಅತ್ಯಂತ ಕಡೆಗಣಿಸುವುದು ಉಪಕರಣದ ಪೆಟ್ಟಿಗೆಯಲ್ಲೇ ಬರುವ ಸೂಚನಾ ಹಾಳೆಯನ್ನು. 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟ್‌ನದು ಸುಮಾರು 13 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗಾಗಲಿ ಎಕ್ಸ್‌ಟೆನ್ಷನ್ ಬೋರ್ಡಿಗಾಗಲಿ ಅದನ್ನು ಚುಚ್ಚುವಂತಿಲ್ಲ ಎಂಬುದಕ್ಕೆ ಇಷ್ಟೇ ಲೆಕ್ಕ ಸಾಕು.

ಪರವಾನಗಿ ಪಡೆದ ಗುತ್ತಿಗೆದಾರ

ಮೂರು ದಾರಿಗಳಲ್ಲಿ ಮನೆಯನ್ನು ನೋಡುವುದು ಮತ್ತು ಹೊಣೆ ಹೊರುವುದು ಇದೊಂದೇ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯನ್ನು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅವರಲ್ಲಿರುವ ಅಳೆಯುವ ಸಾಧನಗಳೇ ಅವರ ನಿಜವಾದ ಬೆಲೆ. 500 ವೋಲ್ಟ್ ಮೆಗರ್ ಇಟ್ಟು ಹೊದಿಕೆಯ ನಿರೋಧವನ್ನು ಅಳೆದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನಿಗೆ ಚಿಕಿತ್ಸೆ ಬೇಕೆಂದು ಅರ್ಥ. ಇದನ್ನು ನೆರೆಯವರ ಅನುಭವವಾಗಲಿ ಪುಸ್ತಕವಾಗಲಿ ಹೇಳಲಾರದು.

ಖರ್ಚು ಹೆಚ್ಚೆಂಬುದು ನಿಜ, ಸಣ್ಣ ಕೆಲಸಕ್ಕೆ ಬರಲು ತಡಮಾಡುತ್ತಾರೆಂಬುದೂ ನಿಜ. ಮನೆಯನ್ನು ನೋಡದೆಯೇ ಪೂರ್ಣತಾ ವರದಿಗೆ ಸಹಿ ಹಾಕಿಕೊಟ್ಟವರನ್ನೂ ನಾನು ಕಂಡಿದ್ದೇನೆ. ಅಂಥ ಸಹಿ ಬಾಯಿಮಾತಿಗಿಂತ ಕೀಳು, ಏಕೆಂದರೆ ಅದು ನಮ್ಮ ಅನುಮಾನವನ್ನೂ ಕಿತ್ತುಕೊಳ್ಳುತ್ತದೆ. ಇನ್ನೊಂದು ವಿಷಯ ಕೂಲಿಯ ಲೆಕ್ಕದ್ದು. ನಮ್ಮಲ್ಲಿ ಪಾಯಿಂಟಿಗೆ ಇಷ್ಟು ಎಂದು ಮಾತಾಡುವುದು ರೂಢಿ. ಆ ಲೆಕ್ಕದಲ್ಲಿ ಕಡಿಮೆ ಸರ್ಕ್ಯೂಟಿನಲ್ಲಿ ಹೆಚ್ಚು ಪಾಯಿಂಟು ಕೊಟ್ಟವರಿಗೆ ವೈರೂ ಉಳಿಯುತ್ತದೆ, ದುಡಿಮೆಯೂ ಉಳಿಯುತ್ತದೆ. ಆದ್ದರಿಂದ ಇಬ್ಬರು ಮೂವರಿಂದ ದರ ಕೇಳುವಾಗ ಎಷ್ಟು ಸರ್ಕ್ಯೂಟು, ಯಾವ ಅಳತೆಯ ವೈರು, ಎಷ್ಟು ಆಂಪಿಯರ್ ಎಂಸಿಬಿ ಎಂಬುದನ್ನು ಬರೆಸಿಕೊಂಡ ಮೇಲೆಯೇ ಹೋಲಿಸಬೇಕು. ಅಚ್ಚಾದ ನಿಯಮವನ್ನು ಸ್ವಲ್ಪವಾದರೂ ಓದಿಕೊಂಡಿರುವುದರ ಪ್ರಯೋಜನ ಇಲ್ಲಿ ಕಾಣುತ್ತದೆ.

ಯಾರಿಗೆ ಯಾವುದು

ಬಾಡಿಗೆ ಮನೆಯಲ್ಲಿರುವವರು ಕಾನೂನಿನ ಗೆರೆಯ ಈಚೆಗೇ ಇರುವುದು ಒಳ್ಳೆಯದು. ಕೆಲಸಗಾರರು ಯಾರೆಂದು ತಿಳಿಯಲು ನೆರೆಯವರು ಸಾಕು, ಉಪಕರಣ ಕೊಳ್ಳುವಾಗ ಸೂಚನಾ ಹಾಳೆ ಸಾಕು. ಮನೆಗೆ ಆರ್‌ಸಿಸಿಬಿ ಇಲ್ಲದಿದ್ದರೆ ಕರಾರು ನವೀಕರಿಸುವಾಗ ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳಬೇಕು.

ಹಳೆಯ ಮನೆ, ಕೈಯಲ್ಲಿ ಹಣ ಕಡಿಮೆ ಎಂಬ ಸ್ಥಿತಿಯಲ್ಲಿರುವವರೇ ಬಾಯಿಮಾತಿಗೆ ಹೆಚ್ಚು ಸೋಲುತ್ತಾರೆ, ಅವರ ಬಗ್ಗೆ ನನಗೆ ಹೆಚ್ಚು ಚಿಂತೆ. ಇಡೀ ಮನೆಗೆ ಒಮ್ಮೆಲೇ ಹೊಸ ವೈರು ಎಳೆಸಬೇಕಾಗಿಲ್ಲ. ಮೊದಲ ಹಣವನ್ನು ಪರವಾನಗಿ ಇರುವವರಿಂದ ಪೂರ್ತಿ ಪರೀಕ್ಷೆ ಮಾಡಿಸುವುದಕ್ಕೆ ಖರ್ಚು ಮಾಡಿ. ಎರಡನೆಯದನ್ನು ಅರ್ಥಿಂಗ್ ಗುಂಡಿಗೆ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ. ಮೂರನೆಯದನ್ನು ಗೀಸರ್ ಮತ್ತು ಅಡುಗೆಮನೆಗೆ ಪ್ರತ್ಯೇಕ ಲೈನು ಎಳೆಸುವುದಕ್ಕೆ. ದೀಪ ಫ್ಯಾನುಗಳ ವೈರು, ಪರೀಕ್ಷೆಯಲ್ಲಿ ಸರಿಯಾಗಿ ಬಂದಿದ್ದರೆ, ಮುಂದಿನ ವರ್ಷಕ್ಕೆ ಕಾಯಬಹುದು. ಅಂಗಡಿಯಲ್ಲಿ 100 ಅಥವಾ 300 ಮಿಲಿಆಂಪಿಯರ್ ಎಂದಿರುವ ಆರ್‌ಸಿಸಿಬಿಯೂ ಸಿಗುತ್ತದೆ. ಮನುಷ್ಯರನ್ನು ಶಾಕಿನಿಂದ ಕಾಯಲು ಅದು ಸಾಲದು. ಆರ್‌ಸಿಸಿಬಿ ಓವರ್‌ಲೋಡನ್ನು ತಡೆಯುವುದಿಲ್ಲವಾದ್ದರಿಂದ ಎಂಸಿಬಿಯೂ ಇರಲೇಬೇಕು. ಎರಡನ್ನೂ ಒಂದರಲ್ಲೇ ಮಾಡುವ ಆರ್‌ಸಿಬಿಒ ಬೆಲೆಯಲ್ಲಿ ಮೇಲಾದರೂ ಗೀಸರ್ ಲೈನೊಂದಕ್ಕಾದರೂ ಹಾಕಿಸುವುದು ಲೇಸು. ಅರ್ಥಿಂಗ್ ಇನ್ನೂ ಆಗದ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಅರ್ಥಿಂಗ್ ಇದ್ದರೆ ಮುಟ್ಟುವ ಮೊದಲೇ ಬೀಳುತ್ತದೆ.

ಹೊಸ ಮನೆ ಕಟ್ಟಿಸುವವರಿಗೆ ಅಚ್ಚಾದ ನಿಯಮದಷ್ಟು ಲಾಭ ಕೊಡುವುದು ಬೇರೆ ಇಲ್ಲ, ಏಕೆಂದರೆ ಕಾಗದದ ಮೇಲೆ ಒಂದು ಸರ್ಕ್ಯೂಟು ಸೇರಿಸುವುದಕ್ಕೆ ಪೆನ್ಸಿಲ್ ಸಾಕು, ಗಾರೆಯಾದ ಮೇಲೆ ಗೋಡೆ ಒಡೆಯಬೇಕು. ನಕ್ಷೆಯ ಹಂತದಲ್ಲೇ ಗುತ್ತಿಗೆದಾರರ ಜೊತೆ ಕುಳಿತು ಪಾಯಿಂಟುಗಳನ್ನು ಎಣಿಸಿ, ಗಾರೆ ಹಚ್ಚುವ ಮುನ್ನ ಎಲ್ಲ ಗೋಡೆಗಳ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಮಂಡ್ಯದ ಕಡೆಯ ತೋಟದ ಮನೆಯವರಿಗೆ ಪಂಪ್‌ಸೆಟ್ಟಿನ ವಿಷಯದಲ್ಲಿ ಆಯ್ಕೆಯೇ ಇಲ್ಲವೆನ್ನುತ್ತೇನೆ. ಅದು ಮೂರು ಫೇಸು, ಸ್ಟಾರ್ಟರ್ ಪೆಟ್ಟಿಗೆ ಕಬ್ಬಿಣದ್ದು, ನಿಲ್ಲುವ ಜಾಗ ಒದ್ದೆ. ಅಲ್ಲಿ ಫ್ಯೂಸು ಕಟ್ಟುವುದನ್ನೂ ನೋಡಿ ಕಲಿತ ಧೈರ್ಯದ ಮೇಲೆ ಮಾಡಬೇಡಿ.

ಕೆಲಸ ಮುಗಿಯಿತೆಂದು ಹೇಳಿದ ದಿನ ಬಾಕಿ ಹಣ ಕೊಡುವ ಮುನ್ನ ಮೂರು ಕೆಲಸ ಮಾಡಿಸಿಕೊಳ್ಳಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ನಿಮ್ಮ ಕೈಯಿಂದಲೇ ಒತ್ತಿ, ಅದು ಬೀಳುವುದನ್ನು ನೋಡಿ. ಅದನ್ನು ಎಷ್ಟು ದಿನಕ್ಕೊಮ್ಮೆ ಒತ್ತಬೇಕೆಂಬುದು ಅದರ ಸೂಚನಾ ಹಾಳೆಯಲ್ಲೇ ಇರುತ್ತದೆ. ಮೆಗರ್ ಮತ್ತು ಅರ್ಥಿಂಗ್ ಪರೀಕ್ಷೆಯ ಅಂಕಿಗಳನ್ನು ದಿನಾಂಕ ಹಾಕಿ ಬರೆಸಿಕೊಳ್ಳಿ. ಯಾವ ಎಂಸಿಬಿ ಯಾವ ಕೋಣೆಯದು ಎಂಬ ಪಟ್ಟಿಯನ್ನು ಕನ್ನಡದಲ್ಲಿ, ಮನೆಯ ಹಿರಿಯರಿಗೂ ಮಕ್ಕಳಿಗೂ ಓದಲು ಆಗುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿ, ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿ. ಇನ್ವರ್ಟರ್ ಲೈನು ಯಾವುದೆಂಬುದನ್ನು ಅದರಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿಸಿ.